ಚಿನ್ನಕ್ಕೆಲ್ಲಿಯ ಮೈಲಿಗೆ

ಕಾಯಿಲೆಯೆಂದರೇನೆಂದು ಅರಿಯದ ಅಂಬುಜಾಕ್ಷಮ್ಮನವರು, ಹಸುಗೂಸು ಮೊಮ್ಮಗನಿಗೆ ಜೇನು ನೆಕ್ಕಿಸುವ ಮೊದಲು ಶೌಚಾಲಯದಿಂದ ಬಂದು ಕೈ ತೊಳೆಯುತ್ತಿದ್ದರು. ಸಾಬೂನು ಅವರ ಬೆರಳಿನ ಉಂಗುರಕ್ಕೆ ಹೇಳಿತು: "ಸ್ವಲ್ಪ ಸರಿಯಿರಿ. ನಿಮ್ಮ ಅಡಿಯಲ್ಲಿ ರೋಗಾಣು ಕೂತಿದೆ."

"ಚಿನ್ನಕ್ಕೆಲ್ಲಿಯ ಮೈಲಿಗೆ? ಬಚ್ಚಲಲ್ಲಿ ಸವೆಯುವ ನೀನು ನನಗೆ ಮಡಿ ಕಲಿಸುತ್ತೀಯಾ?"

"ಚೆನ್ನಾಗಿ ಹೇಳಿದಿರಿ, ತಾಯಿ," ಎಂದಿತು ಅಡಿಯಲ್ಲಿದ್ದ ರೋಗಾಣು. "ನಾನೇನು ಹೊರಗಿನವನೇ? ಅಮ್ಮನವರ ಕರುಳಿನಲ್ಲೇ ವರ್ಷಗಟ್ಟಲೆ ಇದ್ದೇನೆ. ಅವರಿಗೆ ಒಂದು ದಿನವಾದರೂ ಹೊಟ್ಟೆನೋವು ಬಂದದ್ದುಂಟೇ?"

"ಅವರು ಗಟ್ಟಿ, ಅದಕ್ಕೇ ನೀನು ಸಾಧು," ಎಂದಿತು ಸಾಬೂನು. "ಕೂಸು ಗಟ್ಟಿಯಲ್ಲ."

ಉಂಗುರ ಕದಲಲಿಲ್ಲ. ಅಂಬುಜಾಕ್ಷಮ್ಮನವರು ಸಂಪ್ರದಾಯದಂತೆ ಅದೇ ಉಂಗುರವನ್ನು ಜೇನಿನಲ್ಲಿ ಅದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಿದರು.

ವಾರದೊಳಗೆ ಕೂಸು ಜ್ವರ ಬಂದು ಆಸ್ಪತ್ರೆ ಸೇರಿತು. ಅಂಬುಜಾಕ್ಷಮ್ಮನವರು ಬಾಣಂತಿಯನ್ನು ನೋಡಿಕೊಳ್ಳುತ್ತಿದ್ದ ಆಯಾಳತ್ತ ಬೆರಳು ತೋರಿಸಿ ಗದರಿದರು: "ಎಲ್ಲ ನಿನ್ನ ಕೊಳಕು ಕೈಯಿಂದಲೇ ಆದದ್ದು!"

ಆ ಬೆರಳಿನ ಮೇಲೆ ಉಂಗುರ ಥಳಥಳಿಸಿತು. "ನಾನು ಮೊದಲೇ ಅಂದುಕೊಂಡಿದ್ದೆ. ಇಂಥವರನ್ನು ಒಳಗೆ ಬಿಡಬಾರದು."

"ಖಂಡಿತ ಬಿಡಬಾರದು, ತಾಯಿ," ಎಂದಿತು ಅಡಿಯಿಂದ ರೋಗಾಣು. "ನಾವಿರುವ ಮೈಗೆ ಎಂದಾದರೂ ಜ್ವರ ಬಂದಿದೆಯೇ?"