ಬಾಗಿದ ಗಾಡಿಯ ಅಳತೆ

ಆಶ್ರಮ ಎಂದ ಮೇಲೆ ಹೊಳೆ ಇರಬೇಕು, ಮಲಪ್ರಭೆ ಇದ್ದಳು. ಮರ ಇರಬೇಕು, ಬೇವು ಇತ್ತು. ಗುರು ಇರಬೇಕು, ಊರೆಲ್ಲ ಅಜ್ಜಾರು ಎಂದು ಕರೆಯುವ ಮುದುಕರೊಬ್ಬರಿದ್ದರು. ಇಷ್ಟೇ ಆಗಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆಶ್ರಮದಲ್ಲಿ ಒಂದು ಕಾರೂ ಇತ್ತು.

ಕೊಟ್ಟವನು ಗ್ರಾನೈಟ್ ವ್ಯಾಪಾರಿ. ಗುಡ್ಡ ಕಡಿದವರು ಎಲ್ಲಾದರೂ ಏನಾದರೂ ಕೊಟ್ಟೇ ಕೊಡುತ್ತಾರೆ.

ಸಾಮಾನ್ಯ ಕಾರಲ್ಲ. ಅದರ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದವು. ಏರ್ ಸಸ್ಪೆನ್ಷನ್ ಎನ್ನುತ್ತಾರೆ. ಒಂದು ಬಟನ್ ಒತ್ತಿದರೆ ಗಾಳಿ ಇಳಿದು ಕಾರು ನಾಲ್ಕು ಬೆರಳು ತಗ್ಗುತ್ತದೆ, ವಯಸ್ಸಾದವರು ಸುಲಭವಾಗಿ ಹತ್ತಲಿ ಎಂದು. ಮತ್ತೆ ಒತ್ತಿದರೆ ಏಳುತ್ತದೆ.

ಕಾರು ಬಂದ ದಿನ ಅಜ್ಜಾರು ಅದರ ಬಾಗಿಲ ಬಳಿ ಹೋಗುವುದಕ್ಕೂ ವ್ಯಾಪಾರಿಯ ಡ್ರೈವರ್ ಆ ಬಟನ್ ಒತ್ತುವುದಕ್ಕೂ ಸರಿಹೋಯಿತು. ಕಾರು ಬುಸ್ಸೆಂದು ತಗ್ಗಿತು.

"ಯವ್ವಾ!" ಎಂದಳು ಗುಂಪಿನಲ್ಲಿದ್ದ ಒಬ್ಬ ಹೆಂಗಸು. "ಗಾಡಿ ಅಜ್ಜಾರಿಗೆ ನಮಸ್ಕಾರ ಮಾಡ್ತು ನೋಡ್ರಿ!"

ಅಲ್ಲಿಗೆ ಮುಗಿಯಿತು. ಮರುದಿನದಿಂದ ಕಾರಿಗೆ ಚೆಂಡುಹೂವಿನ ಮಾಲೆ, ಬಾನೆಟ್ಟಿನ ಮೇಲೆ ವಿಭೂತಿ, ಗಾಲಿಗೆ ತೆಂಗಿನಕಾಯಿ. ನಮಸ್ಕಾರ ಮಾಡುವ ಗಾಡಿಯನ್ನು ನೋಡಲು ಪಕ್ಕದ ತಾಲೂಕಿನಿಂದಲೂ ಜನ ಬಂದರು. ಅಜ್ಜಾರನ್ನು ನೋಡಲು ಅಷ್ಟು ದೂರದಿಂದ ಯಾರೂ ಬಂದಿರಲಿಲ್ಲ.

ಕಾರಿನ ಉಸ್ತುವಾರಿ, ಓಡಿಸುವ ಕೆಲಸ ಎರಡೂ ಗದಿಗೆಪ್ಪನದು. ಅವನು ಬಹಳ ವರ್ಷಗಳಿಂದ ಆಶ್ರಮದಲ್ಲಿದ್ದ ಶಿಷ್ಯ. ಭಕ್ತಿ ಎಷ್ಟೆಂದರೆ, ಅಜ್ಜಾರು ಕೆಮ್ಮಿದರೂ ಇವನು ನಮಸ್ಕಾರ ಮಾಡುತ್ತಿದ್ದ. ಅವರ ಮುಂದೆ ಅವನ ಬೆನ್ನು ನೆಟ್ಟಗಾದದ್ದನ್ನು ಕಂಡವರಿಲ್ಲ. ಅಂಥವನ ಕೈಗೆ ಬಂದ ಮೇಲೆ ಕಾರಿನ ಗತಿಯೂ ಅದೇ ಆಯಿತು. ಆಶ್ರಮದ ಅಂಗಳದಲ್ಲಿ ಅದು ಸದಾ ತಗ್ಗಿಯೇ ನಿಂತಿರಬೇಕು ಎಂದು ಗದಿಗೆಪ್ಪ ಕಟ್ಟಪ್ಪಣೆ ಮಾಡಿದ.

ರಸ್ತೆಯಲ್ಲಿ ಮಾತ್ರ ಅವನ ಅಪ್ಪಣೆ ನಡೆಯುತ್ತಿರಲಿಲ್ಲ. ವೇಗ ಹೆಚ್ಚಿದರೆ ಕಾರು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಕಟ್ಟಿದವರು ಹಾಗೆ ಕಟ್ಟಿದ್ದರು. ಅವರಿಗೆ ಭಕ್ತಿಯ ಪರಿಚಯ ಇರಲಿಲ್ಲ.

ಗದಿಗೆಪ್ಪನಿಗೆ ಇದ್ದದ್ದು ಒಂದೇ ಆಸೆ, ಕಾವಿ. ಅವನಾದ ಮೇಲೆ ಆಶ್ರಮಕ್ಕೆ ಬಂದ ರಾಚಯ್ಯನಿಗೆ ಆಗಲೇ ಕಾವಿ ಸಿಕ್ಕಿತ್ತು. ರಾಚಯ್ಯ ಅದನ್ನು ಒಗೆದು, ಬೇಕೆಂದೇ ಗದಿಗೆಪ್ಪನ ಕೋಣೆಯ ಮುಂದೆ ಒಣಹಾಕುತ್ತಿದ್ದ.

ಒಂದು ದಿನ ಗದಿಗೆಪ್ಪ ಧೈರ್ಯ ಮಾಡಿದ. ಅಜ್ಜಾರ ಪಾದದ ಬಳಿ ಬಾಗಿ, ನೆಲಕ್ಕೆ ಕೇಳಿಸುವಂತೆ ಹೇಳಿದ:

"ಅಜ್ಜಾರ, ನನಗ ಕಾವಿ ಯಾವಾಗ್ರಿ?"

ಅಜ್ಜಾರು ಹಿಂದಿನ ದಿನವಷ್ಟೇ ಕಾರಿನಲ್ಲಿ ಗದಗಿಗೆ ಹೋಗಿ ಬಂದಿದ್ದರು. ಕೆಲವು ವಾರಗಳ ಹಿಂದೆ ರಸ್ತೆಯ ಒಂದು ಹಳ್ಳಕ್ಕೆ ಬಿದ್ದಾಗಿನಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ದಾರಿಯಲ್ಲಿ ನಡೆದ ಮಾತು ಇಷ್ಟು:

"ಎಲ್ಲಿಗೆ ಹೊಂಟೇವಿ ಗದಿಗೆಪ್ಪಾ?"

"ಗದಗಕ್ಕ್ರಿ ಅಜ್ಜಾರ."

"ಗಾಡಿ ಎಲ್ಲಿಗೆ ಹೊಂಟೈತಿ?"

"ಅದು ಗೋವಿನಜೋಳದ ಹೊಲಕ್ಕ ಹೊಂಟೈತ್ರಿ."

ಇದು ನೆನಪಾಗಿಯೋ ಏನೋ, ಅಜ್ಜಾರು ಹೇಳಿದರು: "ಗಾಡಿ ನೆಟ್ಟಗ ಓಡಲಿ. ಆಮ್ಯಾಲೆ ಕಾವಿ."

ಗದಿಗೆಪ್ಪ ರೋಮಾಂಚನಗೊಂಡ. ಗಾಡಿ ಎಂದರೆ ದೇಹ ಎಂದುಕೊಂಡ. ಓಡುವುದು ಎಂದರೆ ಉಸಿರು ಎಂದುಕೊಂಡ. ಬೇವಿನ ಕೆಳಗೆ ಕೂತು ಆ ಮಾತನ್ನು ಧ್ಯಾನಿಸಿದ. ಹಲವು ದಿನ ಹೀಗೆ ಕೂತವನನ್ನು ಕಂಡು ಅಜ್ಜಾರೇ ಬಂದು ಕೇಳಿದರು.

"ಏನ ಮಾಡಾಕತ್ತೀಯೋ?"

"ನಿಮ್ಮ ಮಾತಿನ ಅರ್ಥ ಹುಡಕಾಕತ್ತೇನ್ರಿ."

"ಕಾರಿನ ಗಾಲಿ ಸರಿ ಇಲ್ಲೋ ಮಾರಾಯಾ. ಹುಬ್ಬಳ್ಳಿಗೆ ಹೋಗು."

ಹುಬ್ಬಳ್ಳಿಯಲ್ಲಿ ಗಾಲಿಗಳ ದಿಕ್ಕು ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿದ್ದ ದಾವಲಸಾಬ ಅಜ್ಜಾರಿಗೆ ನಡೆದುಕೊಳ್ಳುವ ಭಕ್ತ. ಗದಿಗೆಪ್ಪ ಅಲ್ಲಿಯೂ ಕಾರನ್ನು ತಗ್ಗಿಸಿಯೇ ನಿಲ್ಲಿಸಿದ. ದಾವಲಸಾಬ ಚಪ್ಪಲಿ ಬಿಟ್ಟು ಬಂದು ಕಾರಿಗೆ ಕೈಮುಗಿದ. ಟೈರಿನ ಒಳಗಡೆ ಕೈಯಾಡಿಸಿ ನಾಲಿಗೆ ಕಚ್ಚಿಕೊಂಡ.

"ಒಳಮಗ್ಗಲು ಪೂರಾ ಸವದೈತಿ. ಗಾಲಿ ನಾಕೂ ನಾಕು ದಿಕ್ಕು ನೋಡಾಕತ್ತಾವ. ಗಾಡಿ ಎಬ್ಬಸ್ರಿ, ಅಳೀತೀನಿ."

"ಎಬ್ಬಸೂದು ಯಾಕ?"

"ಓಡೂ ಎತ್ತರದಾಗ ನಿಂದ್ರಿಸಿ ಅಳೀಬೇಕ್ರಿ. ಗಾಳಿಚೀಲದ ಗಾಡಿ ಇದು. ಕೆಳಗ ಕುಂತಾಗ ಗಾಲಿ ಒಂದು ನಮೂನಿ ವಾಲಿರತಾವ, ಎದ್ದಾಗ ಬ್ಯಾರೆ ನಮೂನಿ."

ಗದಿಗೆಪ್ಪನ ಮುಖ ಬಿಗಿಯಿತು. "ದಾವಲಸಾಬ, ಇದು ಅಜ್ಜಾರ ಗಾಡಿ. ಬಾಗಿದ್ದನ್ನ ಸೊಕ್ಕಿಲೆ ಎಬ್ಬಿಸಿ ನಿಂದ್ರಿಸಾಕ ಇದೇನು ಎಮ್ಮೆಲ್ಲೆ ಗಾಡಿ ಅಂತ ತಿಳದಿಯೇನು? ಬಾಗೇ ಇರಲಿ. ಹಂಗ ಅಳಿ."

ದಾವಲಸಾಬ ಸ್ವಲ್ಪ ಯೋಚಿಸಿದ. ಯೋಚಿಸಿ, ಯೋಚಿಸುವುದನ್ನು ಬಿಟ್ಟ.

"ಬ್ಯಾಡಂದ್ರ ಬ್ಯಾಡ ಬಿಡ್ರಿ. ಮನ್ಯಾಗ ಹೇಣ್ತಿ ಜೋಡಿ, ಹೊರಗ ಮಠದವರ ಜೋಡಿ ನಾ ವಾದ ಮಾಡಂಗಿಲ್ಲ."

ಬಾಗಿದ ಕಾರನ್ನು ಬಾಗಿದಂತೆಯೇ ಅಳೆದ. ನಟ್ಟು ತಿರುಗಿಸಿದ. ಅಳೆಯುವ ಯಂತ್ರದ ಪರದೆಯ ಮೇಲೆ ಕೆಂಪಗಿದ್ದ ಅಂಕಿಗಳು ಒಂದೊಂದಾಗಿ ಹಸಿರಾದವು. ಗದಿಗೆಪ್ಪ ಆ ಹಸಿರು ಪರದೆಯ ಫೋಟೊ ತೆಗೆದು ಆಶ್ರಮದ ಎಲ್ಲರಿಗೂ ಕಳಿಸಿದ. ರಾಚಯ್ಯನಿಗೆ ಎರಡು ಸಲ ಕಳಿಸಿದ.

ಮರಳುವ ದಾರಿಯಲ್ಲಿ ಕಾರು ವೇಗ ಹಿಡಿಯಿತು, ಎದ್ದು ನಿಂತಿತು, ಎಡಕ್ಕೆ ಹೊರಟಿತು. ಮೊದಲಿಗಿಂತ ಉತ್ಸಾಹದಿಂದ.

ಗದಿಗೆಪ್ಪ ಮತ್ತೆ ಹುಬ್ಬಳ್ಳಿಗೆ ಹೋದ. ಮತ್ತೆ ಹಸಿರು. ಮತ್ತೆ ಹೊಲ.

ಈಗ ಅವನಿಗೆ ವಿಷಯ ಸ್ಪಷ್ಟವಾಯಿತು. ಯಂತ್ರ ಸರಿ ಇದೆ ಎನ್ನುತ್ತದೆ. ರಸ್ತೆ ಸರಿ ಇಲ್ಲ ಎನ್ನುತ್ತದೆ. ಹಾಗಾದರೆ ಇದು ಪೂರ್ವಜನ್ಮದ ಕರ್ಮವೇ ಇರಬೇಕು. ಸಣ್ಣದೊಂದು ಹೋಮ ಮಾಡಿಸಿದ. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಹತ್ತಿಸಿದ. ಕಾರು ನಿಂಬೆಹಣ್ಣನ್ನು ನೆಟ್ಟಗೆ ಹಿಚುಕಿತು, ಆಮೇಲೆ ಎಡಕ್ಕೆ ಹೋಯಿತು.

ರಾಚಯ್ಯ ಬೇರೆ ಉಪಾಯ ಹೇಳಿದ. "ಅಜ್ಜಾರು ಎಡಕ್ಕ ಕುಂದರತಾರ. ಅವರ ತಪಸ್ಸಿನ ಭಾರ ಎಡಕ್ಕ ಬೀಳತೈತಿ. ಬಲಕ್ಕ ಏನರ ಇಡು."

ಗದಿಗೆಪ್ಪ ಬಲಗಡೆಗೆ ಉಸುಕಿನ ಚೀಲ ಇಟ್ಟ. ಆ ಕಾರು ಬುದ್ಧಿವಂತ ಜಾತಿಯದು. ಭಾರ ಬಿದ್ದ ಕಡೆ ತಾನೇ ಗಾಳಿ ತುಂಬಿಕೊಂಡು ಸಮನಾಗುತ್ತದೆ. ಸಮನಾಗಿ ನಿಂತು, ಸಮನಾಗಿಯೇ ಎಡಕ್ಕೆ ಎಳೆಯಿತು. ಅಂದು ಅಜ್ಜಾರು ಒಂದು ಮದುವೆಗೆ ಹೊರಟಿದ್ದರು. ತಲುಪಿದ್ದು ಕಬ್ಬಿನ ಗದ್ದೆಗೆ.

ಕಬ್ಬಿನ ನಡುವೆ ಕಾರು ನಿಂತಾಗ ಅಜ್ಜಾರು ಕೆಳಗಿಳಿಯಲಿಲ್ಲ. ಕೈಗೆ ಸಿಕ್ಕ ಒಂದು ಜಲ್ಲೆ ಮುರಿದುಕೊಂಡು ಅಗಿಯುತ್ತ ಕೇಳಿದರು:

"ದಾವಲಸಾಬ ಏನಂದ?"

"ಎಲ್ಲಾ ಹಸರ ಅಂದ್ರಿ."

"ಅದಕ್ಕೂ ಮದಲ ಏನಂದ?"

ಗದಿಗೆಪ್ಪ ಹಿಂಜರಿದ. "ಗಾಡಿ ಎಬ್ಬಸ್ರಿ, ಓಡೂ ಎತ್ತರದಾಗ ಅಳೀಬೇಕು ಅಂದ. ನಾ ಬಿಡಲಿಲ್ರಿ ಅಜ್ಜಾರ. ನಿಮ್ಮ ಹೆಸರಿನ ಗಾಡಿ ಒಂದು ಕ್ಷಣಾನೂ ತಲಿ ಎತ್ತಾಕ ಬಿಡಲಿಲ್ಲ."

ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ತನ್ನ ಭಕ್ತಿಗೆ ತಾನೇ ಕರಗುವವರ ಕಣ್ಣೀರು ಅದು. ಬೇಗ ಬರುತ್ತದೆ.

ಅಜ್ಜಾರು ಸಿಪ್ಪೆ ಉಗುಳಿದರು.

"ಸಿಂಪಿಗರ ನೀಲಪ್ಪಗ ಹೇಳಿ ಕಳಸು. ನಾಳೆ ಟೇಪ್ ತಗೊಂಡು ಬರಲಿ. ಹುಣ್ಣಿವಿಗೆ ನಿನಗ ಕಾವಿ ಹೊಲಸೂಣು."

ಕಬ್ಬಿನ ಗದ್ದೆಯ ಕೆಸರಿನಲ್ಲೇ ಗದಿಗೆಪ್ಪ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದ. ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ರಾಚಯ್ಯನಿಗೂ ಮಾಡಗೊಡಲಿಲ್ಲ.

ಮರುದಿನ ದರ್ಜಿ ನೀಲಪ್ಪ ಬಂದ. ಟೇಪು ಕೊರಳಿಗೆ, ಪೆನ್ಸಿಲ್ಲು ಕಿವಿಗೆ. ಗದಿಗೆಪ್ಪ ಅಜ್ಜಾರನ್ನು ಕಂಡವನೇ ವಾಡಿಕೆಯಂತೆ ಬಾಗಿದ.

"ಹಾಂ, ಹಂಗ ಇರು," ಎಂದರು ಅಜ್ಜಾರು. "ನೀಲಪ್ಪಾ, ಅಳತಿ ತಗೋ."

"ಎದ್ದು ನಿಂದ್ರಾಕ ಹೇಳ್ರಿ ಅಜ್ಜಾರ."

"ಯಾಕ?"

"ಕೊಳ್ಳಿಂದ ನೆಲದ ತನಕ ಹಿಡೀಬೇಕಲ್ರಿ."

"ಹಿಡಿ. ಕೊಳ್ಳು ಐತಿ, ನೆಲಾನೂ ಐತಿ."

ನೀಲಪ್ಪ ಒಮ್ಮೆ ಅಜ್ಜಾರನ್ನು ನೋಡಿದ, ಒಮ್ಮೆ ಬಾಗಿದವನನ್ನು ನೋಡಿದ. ಅವನೂ ಮಠದವರ ಜೊತೆ ವಾದ ಮಾಡುವವನಲ್ಲ. ಗದಿಗೆಪ್ಪನ ಕೊರಳಿನಿಂದ ನೆಲಕ್ಕೆ ಟೇಪು ಇಳಿಬಿಟ್ಟ. ಬಹಳ ಉದ್ದ ಬೇಕಾಗಲಿಲ್ಲ.

"ಬಟ್ಟಿ ಉಳೀತೈತ್ರಿ," ಎಂದಷ್ಟೇ ಹೇಳಿದ.

ಬಾಗಿದ್ದ ಗದಿಗೆಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಗುರುಗಳು ಏನು ಮಾಡಿದರೂ ಅದರಲ್ಲಿ ಅರ್ಥವಿರುತ್ತದೆ ಎಂದು ಸುಮ್ಮನಾದ. ಇಂಥ ಶಿಷ್ಯರಿರುವವರೆಗೆ ಗುರುಗಳಿಗೆ ಕಷ್ಟವಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅಂಗಳ ತುಂಬ ಜನ. ದಾವಲಸಾಬನೂ ಬಂದಿದ್ದ. ಅಜ್ಜಾರು ತಮ್ಮ ಕೈಯಾರೆ ಹೊಸ ಕಾವಿ ನಿಲುವಂಗಿಯನ್ನು ಬಾಗಿದ ಗದಿಗೆಪ್ಪನ ತಲೆಯ ಮೇಲಿಂದ ತೊಡಿಸಿದರು. ಪಂಚೆ ಬಿಚ್ಚಿಸಿದರು. ಅಂಗಿಯ ಮುಂದಿನ ಅಂಚು ಸರಿಯಾಗಿ ನೆಲ ಮುಟ್ಟಿತು.

"ಎಷ್ಟ ಚಂದ ಕುಂತೈತಿ!" ಎಂದರು ಮುಂದಿನ ಸಾಲಿನವರು.

"ಏಳು," ಎಂದರು ಅಜ್ಜಾರು.

ಗದಿಗೆಪ್ಪ ಏಳಲಿಲ್ಲ. ತೊಡೆಯ ಹಿಂಭಾಗಕ್ಕೆ ಗಾಳಿ ಬಡಿಯುತ್ತಿರುವುದು ಅವನಿಗೆ ಗೊತ್ತಾಗಿತ್ತು.

"ಹಿಂಗ ಇರತೇನ್ರಿ ಅಜ್ಜಾರ."

"ಕಾವಿ ಹಾಕ್ಕೊಂಡು ಊರೂರು ತಿರಗಬೇಕೋ. ಹಿಂಗ ತಿರಗತೀಯೇನು? ಏಳು."

ಎದ್ದ. ಅವನು ಏಳುತ್ತ ಹೋದಂತೆ ಕಾವಿಯೂ ಏಳುತ್ತ ಹೋಯಿತು. ಮೊಣಕಾಲು ದಾಟಿತು. ಪಟ್ಟಾಪಟ್ಟಿ ಚಡ್ಡಿ ಊರಿಗೆಲ್ಲ ದರ್ಶನ ಕೊಟ್ಟಿತು. ಮೊದಲು ರಾಚಯ್ಯ ನಕ್ಕ. ಆಮೇಲೆ ಎಲ್ಲರೂ ನಕ್ಕರು. ತಾನು ಹೊಲಿದದ್ದಲ್ಲ ಎಂಬಂತೆ ನೀಲಪ್ಪ ಬೇವಿನ ಮರ ನೋಡುತ್ತಿದ್ದ.

"ಅಜ್ಜಾರ, ಅಳತಿ ತಪ್ಪೈತ್ರಿ!"

"ಇಲ್ಲಲ್ಲಾ. ಅಳದಾಗ ಸರಿ ಇತ್ತು. ಈಗೂ ಬಾಗಿ ನೋಡು, ಸರಿ ಐತಿ."

ಗದಿಗೆಪ್ಪ ಎರಡೂ ಕೈಯಿಂದ ಅಂಗಿಯನ್ನು ಕೆಳಕ್ಕೆ ಎಳೆಯುತ್ತ ನಿಂತ. ನಗುವವರ ನಡುವೆ ದಾವಲಸಾಬ ಒಬ್ಬನೇ ನಗುತ್ತಿರಲಿಲ್ಲ. ಅವನು ಅಂಗಳದಲ್ಲಿ ತಗ್ಗಿ ನಿಂತಿದ್ದ ಕಾರನ್ನು ನೋಡುತ್ತಿದ್ದ. ಗದಿಗೆಪ್ಪನೂ ಆ ಕಡೆ ನೋಡಿದ. ಬಹಳ ಹೊತ್ತು ನೋಡಿದ.

ನಿಲುವಂಗಿ ಕಿತ್ತು ಬೇವಿನ ಕಟ್ಟೆಯ ಮೇಲೆ ಒಗೆದ. ಪಂಚೆ ಸುತ್ತಿಕೊಂಡ. ಕಾರಿನ ಮಾಲೆ ಹರಿದು ತೆಗೆದ. ಒಳಗೆ ಕೂತು ಬಟನ್ ಒತ್ತಿದ. ಕಾರು ನಿಧಾನವಾಗಿ ಎದ್ದು ನಿಂತಿತು.

"ಅಯ್ಯಯ್ಯ, ತಲಿ ಎತ್ತಿತು!" ಎಂದಳು ಒಬ್ಬ ಹೆಂಗಸು, ಏನೋ ಅನಾಹುತವಾದಂತೆ.

"ದಾವಲಸಾಬ, ಹತ್ತು," ಎಂದ ಗದಿಗೆಪ್ಪ. "ಎಡಕ್ಕ ಎಳದ್ರ ಸ್ಟೇರಿಂಗ್ ನೀನೂ ಹಿಡಿ."

ಹುಬ್ಬಳ್ಳಿಯಲ್ಲಿ ಎದ್ದು ನಿಂತೇ ಅಳತೆ ಕೊಟ್ಟ ಕಾರು ಸಂಜೆ ಹೊಳೆಯ ಸೇತುವೆ ದಾಟಿ ಬಂದದ್ದನ್ನು ಆಶ್ರಮದವರೆಲ್ಲ ನೋಡಿದರು. ಗದಿಗೆಪ್ಪ ಒಂದು ಬೆರಳಿನಿಂದ ಸ್ಟೀರಿಂಗ್ ಮುಟ್ಟಿದ್ದ, ಅದೂ ತೋರಿಕೆಗೆ. ಕಾರು ಗೆರೆ ಎಳೆದಂತೆ ಬಂತು. ಯಾರೂ ಕಾಯಿ ಒಡೆಯಲಿಲ್ಲ. ನೆಟ್ಟಗೆ ಓಡುವ ಕಾರುಗಳು ಊರಲ್ಲಿ ಬೇಕಾದಷ್ಟಿವೆ.

ಅಜ್ಜಾರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ರಾಚಯ್ಯ ಗಾಳಿ ಬೀಸುತ್ತಿದ್ದ. ಗದಿಗೆಪ್ಪ ಇಳಿದು ಬಂದು ಅವರ ಮುಂದೆ ನಿಂತ. ಬಾಗಲಿಲ್ಲ. ಬಾಗಬಾರದೆಂದೇನೂ ಅಲ್ಲ, ಸಿಟ್ಟಿನಲ್ಲಿ ಮರೆತೇ ಹೋಗಿತ್ತು.

"ಗಾಡಿ ನೆಟ್ಟಗ ಆತು."

"ಆತೇನು? ಚೊಲೊ ಆತು."

"ಅಜ್ಜಾರ, ನಿಮಗೊಂದು ಮಾತ ಹೇಳಬೇಕು."

"ಹೇಳು."

"ಕಬ್ಬಿನ ಗದ್ದ್ಯಾಗ ಕುಂತಾಗನ ನಿಮಗ ತಿಳದಿತ್ತು. ಅಲ್ಲೇ ಒಂದು ಮಾತು ಅಂದಿದ್ರ ಮುಗೀತಿತ್ತು. ನನ್ನ ಚಡ್ಡಿ ಊರಿಗೆಲ್ಲಾ ತೋರಿಸಿದ್ರಿ. ನನ್ನ ಆಸೆನ ತಗೊಂಡು ಆಟ ಆಡಿದ್ರಿ. ಅದು ತಪ್ಪು."

ರಾಚಯ್ಯನ ಬೀಸಣಿಗೆ ನಿಂತಿತು. ಆ ಕಟ್ಟೆಯ ಮುಂದೆ ಆ ಶಬ್ದವನ್ನು ಯಾರೂ ಆಡಿರಲಿಲ್ಲ.

"ತಪ್ಪಾ?" ಎಂದರು ಅಜ್ಜಾರು.

ಗದಿಗೆಪ್ಪನ ಬೆನ್ನು ತಾನಾಗಿ ಬಾಗಲು ಹೊರಟಿತು. ಇಷ್ಟು ವರ್ಷದ ಸೇವೆ ಈ ಒಂದು ಮಾತಿನಲ್ಲಿ ಹೋಯಿತು ಎಂದು ಅವನಿಗೆ ಅನ್ನಿಸಿತು. ಹೋದರೆ ಹೋಗಲಿ ಎಂದೂ ಅನ್ನಿಸಿತು. ಬೆನ್ನನ್ನು ಅಲ್ಲೇ ತಡೆದ.

"ತಪ್ಪರಿ."

ಅಜ್ಜಾರು ತಲೆ ಎತ್ತಿ ಅವನನ್ನು ನೋಡಿದರು. ಅಡಿಯಿಂದ ಮುಡಿಯವರೆಗೆ, ಮೊದಲ ಸಲ ಕಂಡ ಮನುಷ್ಯನನ್ನು ನೋಡುವಂತೆ. ನೋಡಲು ಅವರ ಕತ್ತು ಸಾಕಷ್ಟು ಹಿಂದಕ್ಕೆ ವಾಲಬೇಕಾಯಿತು. ಗದಿಗೆಪ್ಪ ಅಷ್ಟು ಎತ್ತರದವನು ಎಂದು ಆಶ್ರಮದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ರಾಚಯ್ಯಾ," ಎಂದರು ಅಜ್ಜಾರು, "ಓಡು, ನೀಲಪ್ಪನ್ನ ಕರಕೊಂಡು ಬಾ. ಇಂವ ಮತ್ತ ಬಾಗೂದ್ರೊಳಗ ಅಳತಿ ತಗೊಳ್ಳಲಿ."