ಗಾಳಿಗೆ ಹಾಕದ ನೂಲು

"ನಾನು ದೇವರನ್ನ ಬಲ್ಲೆ. ನೀವಿನ್ನೂ ಅರಿಯದೆ ಇದ್ದೀರಲ್ಲ, ಅದೊಂದೇ ನನಗೆ ಯೋಚನೆ."

ಅಗ್ನೇಸಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಚೌರಪ್ಪ ಅವಳನ್ನು ಮಣ್ಣು ಮಾಡಿ ಬಂದು, ಬಾಗಿಲು ಹಾಕಿಕೊಂಡು ಮೊಣಕಾಲೂರಿದ. ಸ್ವಾಮಿ, ಜ್ಞಾನ ಕೊಡು, ನಿನ್ನನ್ನು ತಿಳಿಯುವ ಹಾಗೆ ಮಾಡು ಎಂದು ಬೇಡಿದ. ನಲವತ್ತು ದಿನ ಬೇಡಿದ. ಮೊಣಕಾಲು ಬಾತುಕೊಂಡವು. ಬೇರೇನೂ ಆಗಲಿಲ್ಲ.

ನಲವತ್ತೊಂದನೆಯ ದಿನ ಕುಂಟುತ್ತ ಚರ್ಚಿನ ಉಪದೇಶಿ ಇನ್ನಾಸಪ್ಪನವರ ಬಳಿಗೆ ಹೋದ. ಚಿಕ್ಕಂದಿನಲ್ಲಿ ಅವನಿಗೆ ಜಪ ಕಲಿಸಿದವರು ಅವರೇ.

"ಕೇಳಿದರೆ ಜ್ಞಾನ ಕೊಡ್ತಾನೆ ಅಂದೋರು ನೀವು. ಕೇಳಿ ಕೇಳಿ ಗಂಟಲು ಒಣಗಿತು. ಯಾಕೆ ಕೊಡಲಿಲ್ಲ? ಅವಳಿಗೆ ಓದು ಬರದು, ಜಪವೂ ಅರ್ಧಂಬರ್ಧ. ಅವಳಿಗೆ ಮಾತ್ರ ಹೇಗೆ ಕೊಟ್ಟ?"

"ದಿನಕ್ಕೆ ಎಷ್ಟು ಹೊತ್ತು ಕೇಳಿದೆ?"

"ಎಷ್ಟು ಹೊತ್ತೇನು, ಹಗಲೂ ರಾತ್ರಿ. ಮಾತಾಡಿಸೋಕೆ ಬಂದೋರನ್ನೂ ಬಾಗಿಲಿಂದಲೇ ಕಳಿಸಿದೆ, ಜಪ ಕೆಡುತ್ತೆ ಅಂತ."

ಉಪದೇಶಿ ಹಣೆ ಒತ್ತಿಕೊಂಡರು. "ಅಯ್ಯೋ ಮಾರಾಯ. ಕೂತ್ಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿಗೆ ಕಡುನೀಲಿ ನೂಲು ಬೇಕಿತ್ತು. ಬಣ್ಣಗಾರನಿಗೆ ಬಿಟ್ಟರೆ ತಡವಾದೀತು, ನಾನೇ ಅದ್ದಿಕೊಳ್ಳುತ್ತೇನೆ ಎಂದ. ಬಣ್ಣಗಾರ ನೀಲಿ ಕಲಸಿಟ್ಟ ಗುಡಾಣ ತೋರಿಸಿದ. "ಅದ್ದು, ತೆಗೆ, ಗಾಳಿಗೆ ಹಾಕು. ಮತ್ತೆ ಅದ್ದು. ಎಷ್ಟು ಸಲ ಹಾಗೆ ಮಾಡ್ತೀಯೋ ಅಷ್ಟು ಕಡು" ಎಂದು ಹೇಳಿ ಸಂತೆಗೆ ಹೋದ.

ನೇಕಾರ ಅದ್ದಿ ತೆಗೆದ. ನೂಲು ಎಳೆ ಹುಲ್ಲಿನ ಹಾಗೆ ಹಸಿರಾಗಿತ್ತು. ಬಣ್ಣ ಹಿಡಿದಿಲ್ಲ ಎಂದು ತಕ್ಷಣ ಮತ್ತೆ ಮುಳುಗಿಸಿದ. ತೆಗೆದ. ಮತ್ತೂ ಹಸಿರೇ. ಮತ್ತೆ ಮುಳುಗಿಸಿದ. ಮಧ್ಯಾಹ್ನದವರೆಗೂ ಇದೇ ಆಯಿತು.

ಬಣ್ಣಗಾರ ಬಂದಾಗ ನೇಕಾರ ಕೆಂಡವಾಗಿದ್ದ. "ನಿನ್ನ ಗುಡಾಣದಲ್ಲಿ ನೀಲಿಯೇ ಇಲ್ಲ. ಬರೀ ಮೋಸ" ಎಂದ.

"ಗಾಳಿಗೆ ಎಷ್ಟು ಹೊತ್ತು ಹಾಕಿದ್ದೆ?"

"ಯಾಕೆ ಹಾಕಲಿ? ಗಾಳಿಯಲ್ಲಿ ಬಣ್ಣ ಇದೆಯಾ? ಇರೋದು ಗುಡಾಣದಲ್ಲಿ."

ಬಣ್ಣಗಾರನಿಗೆ ರೇಗಿತು. ನೂಲಿನ ಲಡಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಹಿಂಡಿ, ಹಗ್ಗದ ಮೇಲೆ ಹರವಿದ. ಇಬ್ಬರೂ ನೋಡುತ್ತಿದ್ದಂತೆಯೇ ಹಸಿರು ಹೋಯಿತು. ನೂಲು ನೀಲಿಯಾಯಿತು.

ಉಪದೇಶಿ ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಜಪ ಬಿಟ್ಟುಬಿಡು ಅಂತೀರಾ?" ಎಂದ ಚೌರಪ್ಪ. ಅವನ ಸಿಟ್ಟು ಇಳಿದಿರಲಿಲ್ಲ.

"ಬಿಡು ಅಂದೆನಾ? ಅದ್ದದೆ ಬಣ್ಣ ಎಲ್ಲಿಂದ ಬರುತ್ತೆ?"

ಉಪದೇಶಿಯೇ ಮುಂದುವರಿದು ಕೇಳಿದರು:

"ನಿನ್ನ ಹೆಂಡತಿ ದಿನಾ ಬೆಳಿಗ್ಗೆ ಜಪ ಮುಗಿಸಿ ಎಲ್ಲಿಗೆ ಹೋಗುತ್ತಿದ್ದಳು?"

ಚೌರಪ್ಪ ಇಪ್ಪತ್ತಾರು ವರ್ಷ ಅವಳು ಹೊರಗೆ ಹೋಗುವುದನ್ನು ನೋಡಿದ್ದ. ಎಲ್ಲಿಗೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಜಪ ಮುಗಿಸಿ, ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದ. "ನಮ್ಮ ಅಗ್ನೇಸಮ್ಮ ಇಲ್ಲಿಗೆ ಬರ್ತಿದ್ದಳಾ?" ಎಂದು ಕೇಳಿದ. ಇಲ್ಲ ಎಂದರು. ಎರಡನೆಯ ಬಾಗಿಲಿಗೆ ಹೋದ.