ಕೌದಿಯ ಕೊನೆಯ ಮೂಲೆ

ಪೂಜ್ಯ ಗುರುಪಾದಜ್ಜನವರ ಮಠವೆಂದರೆ ಹಳ್ಳದ ದಂಡೆಯ ಮೇಲಿನ ಎರಡಂಕಣದ ಮಣ್ಣಿನ ಮನೆ. ಶ್ರೀಗಳಿಗೆ ಗದ್ದುಗೆಯೆಂಬುದಿರಲಿಲ್ಲ, ಹಳೆಯದೊಂದು ಕೌದಿ ಹಾಸಿಕೊಂಡು ಕೂರುತ್ತಿದ್ದರು. ಆ ಕೌದಿ ಫಕೀರವ್ವನ ಕೈಯದು. ಹಳೇ ಸೀರೆ, ಧೋತರದ ತುಂಡುಗಳನ್ನು ಕೂಡಿಸಿ ಅವಳು ಹೊಲಿದ ಕೌದಿಗೆ ಸುತ್ತಿನ ಊರುಗಳಲ್ಲೆಲ್ಲ ಹೆಸರಿತ್ತು. ಅದರ ಬಿಂಕ ಅವಳಿಗೂ ಇತ್ತು, ಇರಬೇಕಾದ್ದೇ.

ಒಂದು ಮುಂಜಾನೆ ಅದೇ ಫಕೀರವ್ವ ಕಂಕುಳಲ್ಲಿ ಕೌದಿಯೊಂದನ್ನು ಅವುಚಿಕೊಂಡು ಬಂದು ಶ್ರೀಗಳ ಮುಂದೆ ಕುಸಿದು ಕುಳಿತಳು. ಮಗಳು ದ್ಯಾಮವ್ವ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಹುಟ್ಟಲಿರುವ ಕೂಸಿಗೆಂದು ತಾಯಿ ಮಗಳು ಕೂಡಿ ಹೊಲಿಯುತ್ತಿದ್ದ ಕೌದಿಯದು. ಒಂದು ಮೂಲೆ ಉಳಿದಿತ್ತು. ಹೊದ್ದವರು ಎಂದೂ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಗೆ ಮುಚ್ಚುವುದು ಅವರ ಪದ್ಧತಿ. ಫಕೀರವ್ವ ಸೂಜಿ ಕೈಗೆತ್ತಿಕೊಳ್ಳುವಳು, ಒಂದು ಹೊಲಿಗೆಯನ್ನೂ ಹಾಕದೆ ಮತ್ತೆ ಕೌದಿಗೇ ಚುಚ್ಚಿಡುವಳು. ಕೂಸು ಮಠದ ನೆರೆಮನೆಯಲ್ಲಿ ಬೆಳೆಯುತ್ತಿತ್ತು. ಅದನ್ನು ಎತ್ತಿಕೊಳ್ಳಲೂ ಅವಳು ಒಲ್ಲೆನೆನ್ನುತ್ತಿದ್ದಳು.

ಹೊಲಿದು ಮುಗಿಸಿದ ಕೌದಿಗಳಲ್ಲಿ ಯಾವುದು ಯಾರ ಮನೆಗೆ ಹೋಯಿತೆಂಬುದೇ ತನಗೆ ನೆನಪಿಲ್ಲ, ಇದೊಂದು ಮಾತ್ರ ಉಣ್ಣುವಾಗಲೂ ಮಲಗುವಾಗಲೂ ಕಣ್ಣ ಮುಂದೆಯೇ ನಿಲ್ಲುತ್ತದೆ, ಹೇಗಾದರೂ ಇದನ್ನು ಮರೆಸಿಬಿಡಿ ಎಂದು ಅವಳು ಬೇಡಿಕೊಂಡು ವಿಭೂತಿಗೆ ಕೈಯೊಡ್ಡಿದಳು.

ಶ್ರೀಗಳು ವಿಭೂತಿ ಕೊಡಲಿಲ್ಲ. ಆ ತೆರೆದ ಮೂಲೆಯನ್ನು ಸವರಿ, "ಯವ್ವಾ, ಮುಗಿಸಿದ್ದನ್ನ ಮನಸ್ಸು ಕೈಬಿಡತೈತಿ. ಇದನ್ನ ಮುಗಿಸಿದ್ರ ಮಗಳೂ ಮರತು ಹೋಗ್ತಾಳಂತ ಅಂಜೀ ಏನು?" ಎಂದರು.

ಫಕೀರವ್ವ ತನಗೇ ತಿಳಿಯದಂತೆ ಒಳಗೆ ಬಚ್ಚಿಟ್ಟುಕೊಂಡಿದ್ದ ಮಾತು ಅದು. ಮಗಳು ಹೋದ ದಿನ ಬಾರದ ಅಳು ಆಗ ಬಂತು. ಅವಳು ಅತ್ತು ಹಗುರಾಗುವವರೆಗೂ ಶ್ರೀಗಳು ಎದುರಿಗೇ ಕುಳಿತಿದ್ದರು. ಆಮೇಲೆ ಎಡೆ ಹಿಡಿದಿದ್ದ ರೊಟ್ಟಿಯಿಂದ ಒಂದು ಚೂರು ಮುರಿದು ಅವಳ ಅಂಗೈಯಲ್ಲಿಟ್ಟರು.

"ಕೌದಿ ನೀ ಮುಗಿಸು. ದ್ಯಾಮವ್ವ ಅರ್ಧಕ್ಕ ಬಿಟ್ಟ ಕೆಲಸ ನೆರಿಮನ್ಯಾಗ ಅಳಾಕತ್ತೈತಿ. ಅದು ಲಗೂನ ಮುಗಿಯೂದಲ್ಲ, ನಿನಗ ಮಗಳನ್ನ ಮರಿಯಾಕ ಬಿಡೂದೂ ಇಲ್ಲ."

ಫಕೀರವ್ವ ಮಠದ ಕಟ್ಟೆಯ ಮೇಲೆಯೇ ಕುಳಿತು ಪ್ರಸಾದದ ಚೂರಿಟ್ಟು ಮೂಲೆ ಮುಚ್ಚಿದಳು, ಹಲ್ಲಿನಿಂದ ದಾರ ಕಡಿದಳು. ನೆಟ್ಟಗೆ ನೆರೆಮನೆಗೆ ಹೋಗಿ ಮೊಮ್ಮಗಳನ್ನು ಆ ಕೌದಿಯಲ್ಲಿ ಸುತ್ತಿ ಎದೆಗವುಚಿಕೊಂಡಳು. ಹಿತ್ತಲ ದಾರಿ ಹತ್ತಿರವಿದ್ದರೂ ಊರ ನಡುಬೀದಿಯಲ್ಲೇ ತಲೆಯೆತ್ತಿ ನಡೆದಳು. ಮಠದ ಬಾಗಿಲಲ್ಲಿ ನಿಂತಿದ್ದ ಶ್ರೀಗಳು ಅವಳು ಹೋಗುವ ದಿಕ್ಕಿಗೆ ಕೈಮುಗಿದರೆಂದು ಕಂಡವರು ಹೇಳುತ್ತಾರೆ.

ಎಲ್ಲಿಗೆ ಹೊರಟೆ ಇಷ್ಟು ಗತ್ತಿನಿಂದ ಎಂದು ಜನ ಕೇಳಿದರೆ ಫಕೀರವ್ವ ನಿಲ್ಲದೆಯೇ ಅಂದಳು: "ಮನಿಗೆ. ನನ್ನ ಮಗಳು ಬಿಟ್ಟು ಹೋದ ಕೆಲಸೈತಿ, ನಾ ಮಾಡಬೇಕು."